ತಾಸಿಗೆ ಇಪ್ಪತ್ತರ ಮಾಮಾ

ನನ್ನ ಸೋದರಮಾವ ಯಾರನ್ನೂ ನಂಬಿದವರಲ್ಲ. ಅಂಗಡಿಯವನ ತಕ್ಕಡಿ, ಡಾಕ್ಟರರ ಥರ್ಮಾಮೀಟರು, ರೇಡಿಯೋದವರ ಮಳೆ, ಎಲ್ಲದರ ಮೇಲೂ ಸಂಶಯ. ಹೋಗಲಿ, ತಮ್ಮದೇ ಕೈಗಡಿಯಾರದ ಮೇಲೂ! ಎಡಗೈಗೊಂದು, ಬಲಗೈಗೊಂದು ಗಡಿಯಾರ ಕಟ್ಟಿಕೊಂಡು, ಎರಡೂ ಒಂದೇ ವೇಳೆ ತೋರಿಸಿದರೆ "ಇವೆರಡೂ ಕೂಡಿ ಏನೋ ಮಸಲತ್ತು ಮಾಡ್ಯಾವ" ಎನ್ನುವ ಆಸಾಮಿ. ಇಡೀ ಜಗತ್ತಿನಲ್ಲಿ ಅವರು ನಂಬಿದ ವಸ್ತು ಒಂದೇ ಒಂದು. ರೈಲಿನ ಹಳಿ.

ಮೂವತ್ತು ವರ್ಷಕ್ಕೂ ಮೇಲೆ ರೈಲ್ವೆ ಎಂಜಿನ್ ಡ್ರೈವರ್ ಆಗಿದ್ದವರು. ಎಕ್ಸ್‌ಪ್ರೆಸ್ ಗಾಡಿಗಳನ್ನು ತಾಸಿಗೆ ನೂರು ಕಿಲೋಮೀಟರಿನಂತೆ ಹೊಡೆದ ಈ ಮನುಷ್ಯ ನಿವೃತ್ತರಾದ ಮೇಲೆ ಒಂದು ಹಳೇ ಕಾರು ಕೊಂಡರು ನೋಡಿ, ಅದರ ಮುಳ್ಳು ಇಪ್ಪತ್ತನ್ನು ದಾಟಲೇ ಇಲ್ಲ! ಕೇಳಿದರೆ, "ಹಳಿ ಮ್ಯಾಲ ಗಾಡಿ ಎತ್ತ ಹೋಗ್ತೈತಿ ಅಂತ ನಮಗ ಗೊತ್ತಿರತೈತಿ. ರಸ್ತೆದಾಗ ಎದುರಿಗೆ ಬರಾವ ಎತ್ತ ಹೊಳ್ಳತಾನ ಅಂತ ಅವನಿಗೇ ಗೊತ್ತಿರೂದಿಲ್ಲ" ಎನ್ನುತ್ತಿದ್ದರು.

ಆಗ ಅವರ ಮನೆ ಮಲ್ಕಾಜ್‌ಗಿರಿಯಲ್ಲಿ. ಒಂದು ಜನವರಿಯಲ್ಲಿ ಅದೇ ಶಹರದ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೊರಟೆವು. ಮಾಮಿ ಬಲು ಜಾಣೆ. "ನೀವು ಬರ್ರಿ, ನಾ ಬಸ್ಸಿಗೆ ಹೋಗಿರತೀನಿ" ಎಂದು ಹೋಗಿಯೇ ಬಿಟ್ಟರು. ಸಿಕ್ಕಿಬಿದ್ದವನು ನಾನು! ಎಂಜಿನ್ನಿನಲ್ಲಿ ಒಂದು ಪದ್ಧತಿಯುಂಟು. ಸಿಗ್ನಲ್ಲಿನ ಬಣ್ಣವನ್ನು ಸಹಾಯಕ ಕೂಗಿ ಹೇಳಬೇಕು, ಡ್ರೈವರ್ ಅದನ್ನೇ ತಿರುಗಿ ಕೂಗಬೇಕು. ಕಾರಿನಲ್ಲಿ ಆ ಸಹಾಯಕನ ಪದವಿ ನನಗೆ. ಒಂದು ಚೌಕದಲ್ಲಿ ನಾನು "ಹಸಿರು!" ಎಂದೆ. ಮಾಮಾ "ಹಸಿರು!" ಎಂದರು. ಕಾರು ಮಾತ್ರ ಅಲ್ಲಾಡಲಿಲ್ಲ.

"ಹೋಗ್ರಿ ಮಾಮಾ, ಹಿಂದ ಹಾರ್ನ್ ಹೊಡ್ಯಾಕತ್ತಾರ!"

"ತಡಿಯೋ. ಭಾಳ ಲಗೂನ ಹಸಿರಾತು. ನನಗ್ಯಾಕೋ ಸಂಶಯ ಐತಿ."

ಪೊಲೀಸಪ್ಪ ಓಡಿ ಬಂದ. "ಕ್ಯಾ ಚಾಚಾ, ಗಾಡಿ ಖರಾಬ್ ಹೋಗಯೀ ಕ್ಯಾ?"

"ಗಾಡಿ ಠೀಕ್ ಹೈ. ತುಮ್ಹಾರಾ ಸಿಗ್ನಲ್ ದೇಖೋ" ಎಂದರು ಮಾಮಾ, ಗಂಭೀರವಾಗಿ.

ನಾವು ನಾಂಪಲ್ಲಿ ಮುಟ್ಟಿದಾಗ ಮಾಮಿ ಇಡೀ ಎಕ್ಸಿಬಿಷನ್ ಸುತ್ತಿ, ಮಿರ್ಚಿ ಭಜಿ ತಿಂದು, ಚಾದರ ಖರೀದಿಸಿ, ಗೇಟಿನ ಬಳಿ ನಮ್ಮ ದಾರಿ ಕಾಯುತ್ತ ನಿಂತಿದ್ದರು.

ಇನ್ನು ವಿಮಾನಗಳ ವಿಷಯ. ಮನೆಯ ಹಿಂದೆಯೇ ಹಗಲೂ ರಾತ್ರಿ ಎಂಜಿನ್ನುಗಳು ಸಿಳ್ಳೆ ಹಾಕಿದರೂ ಮಾಮಾನ ಗೊರಕೆಗೆ ಭಂಗವಿರಲಿಲ್ಲ. ಆದರೆ ಊರ ನಡುವಿನ ವಿಮಾನ ನಿಲ್ದಾಣಕ್ಕೆ ಹೋಗುವ ವಿಮಾನವೊಂದು ಮೇಲೆ ಹಾದರೆ ಸಾಕು, ಎದ್ದು ಮಾಳಿಗೆಗೆ ಓಡುತ್ತಿದ್ದರು. ಅವರು ಬರೆದ ದೂರನ್ನು ನಾನೇ ಪೋಸ್ಟು ಮಾಡಿದ್ದೇನೆ: "ಇಂದು ಮುಂಜಾನೆ ಹೋದ ವಿಮಾನವು ನಮ್ಮ ಮಾಳಿಗೆಯ ಮೇಲೆ ಬಂದಾಗ ಬಾಗಿ ನೋಡಿತು. ಚಾಲಕರು ಯಾರು, ಏನು ನೋಡಿದರು, ತಿಳಿಸಬೇಕು." ಉತ್ತರ ಬರುತ್ತದೆಯೇ? "ನೋಡಿದಿಲ್ಲೋ? ಮುಚ್ಚಿ ಹಾಕಿಬಿಟ್ರು!" ಎಂದರು ಮಾಮಾ.

ಕೊನೆಗೆ ಈ ವಿಮಾನಗಳ ಕಾಟವೇ ಬೇಡವೆಂದು ಮಲ್ಕಾಜ್‌ಗಿರಿಯ ಮನೆ ಬಿಟ್ಟು, ಶಹರದ ದಕ್ಷಿಣಕ್ಕೆ ದೂರದ ಒಂದು ಹಳ್ಳಿಯಲ್ಲಿ ಮನೆ ಕಟ್ಟಿಸಿದರು. ಬೇವಿನ ಗಿಡ, ಎಮ್ಮೆಗಳು, ದಿನಕ್ಕೆ ಎರಡು ಬಸ್ಸು. ನಾಲ್ಕೈದು ವರ್ಷ ಪರಮ ಶಾಂತಿ. ಆಮೇಲೆ ಸರಕಾರದವರು ಹೊಸ ವಿಮಾನ ನಿಲ್ದಾಣ ಕಟ್ಟಿಸಿದರು. ಎಲ್ಲಿ ಅಂತೀರಿ? ಮಾಮಾನ ಹಳ್ಳಿಯ ಆಚೆಗೇ!

"ಇಷ್ಟು ದೊಡ್ಡ ಮುಲುಕಿನಾಗ ಅದಕ್ಕ ಬ್ಯಾರೆ ಜಾಗಾ ಇರಲಿಲ್ಲೇನು? ನನ್ನ ಬೆನ್ನ ಹತ್ತಿ ಬಂದೈತಿ!"

ನಾನು ನಕ್ಕೆ. ಆದರೆ ಈ ಸಲದ ಸಂಕಟ ನಿಜವಾದದ್ದಾಗಿತ್ತು. ವಿಮಾನ ತಪ್ಪೀತೆಂದು ಹೆದರಿದ ಟ್ಯಾಕ್ಸಿಗಳೆಲ್ಲ ಹಳ್ಳಿಯ ಆ ಸಣ್ಣ ರಸ್ತೆಯಲ್ಲೇ ನುಗ್ಗತೊಡಗಿದವು. ಆ ಹೊತ್ತಿಗೆ ಮಾಮಿಗೆ ಕಿವಿ ಮಂದವಾಗಿತ್ತು. ಮುಖ ನೋಡಿ ಮಾತಾಡಿದರೆ ಎಲ್ಲವೂ ತಿಳಿಯುತ್ತಿತ್ತು, ಬೆನ್ನ ಹಿಂದಿನ ಹಾರ್ನ್ ಮಾತ್ರ ಕೇಳುತ್ತಿರಲಿಲ್ಲ. ಹಾಲಿನವನ ಮನೆಯೋ ರಸ್ತೆಯ ಆ ಕಡೆ. ದಿನಾ ಮುಂಜಾನೆ ಡಬ್ಬಿ ಹಿಡಿದು ಅವರು ದಾಟಲೇಬೇಕು.

ಹಳ್ಳಿಯಲ್ಲಿ ತಾಸಿಗೆ ಇಪ್ಪತ್ತು ಎಂದು ಬೋರ್ಡು ಹಾಕಿಸಬೇಕೆಂದು ಮಾಮಾ ಅರ್ಜಿ ಹಿಡಿದು ಹೊರಟರು. ಪಂಚಾಯಿತಿಯವರು ರಸ್ತೆ ನಮ್ಮದಲ್ಲ ಎಂದರು. ರಸ್ತೆಯವರು ಪೊಲೀಸರನ್ನು ಕೇಳಿ ಎಂದರು. ಪೊಲೀಸರು ಪಂಚಾಯಿತಿಯ ಠರಾವು ತನ್ನಿ ಎಂದರು. "ಮೂರೂ ಆಫೀಸಿನಾಗ ಒಂದೇ ನಮೂನಿ ಚಹಾ ಕುಡಿಸಿದ್ರು. ಮೊದಲೇ ಮಾತಾಡಿಕೊಂಡಾರ!" ಎಂದು ಮಾಮಾ ಮನೆಗೆ ಬಂದರು.

ಬಂದವರೇ ಬಣ್ಣದ ಡಬ್ಬಿ ತೆರೆದರು. ರೈಲಿನಲ್ಲಿ ಹಳಿ ಸಡಿಲಾದ ಕಡೆ ದೂರದಲ್ಲೇ ಎಚ್ಚರಿಕೆಗೆ ಒಂದು ಹಳದಿ ಹಲಗೆ, ಅದರ ಮುಂದೆ ವೇಗ ಬರೆದ ಹಲಗೆ ನೆಡುತ್ತಾರಂತೆ. ಬಾವುಟ ಹಿಡಿದ ಮನುಷ್ಯನನ್ನೂ ನಿಲ್ಲಿಸುತ್ತಾರಂತೆ. ಮಾಮಾ ಹಲಗೆಗಳನ್ನು ಮಾಡಿ ನೆಟ್ಟರು. ಆ ಮನುಷ್ಯ ಬೇಕಲ್ಲ? ತಾವೇ ಹಳೇ ಕೋಟು ತೊಟ್ಟು, ಕೆಂಪು ಹಸಿರು ಬಾವುಟ ಹಿಡಿದು ನಿಂತರು!

ಮೊದಲ ದಿನ ಬಂದ ಟ್ಯಾಕ್ಸಿ ಗಕ್ಕನೆ ನಿಂತಿತಂತೆ. ಡ್ರೈವರ್ ಕೆಳಗಿಳಿದು ರೈಲಿನ ಹಳಿಗಾಗಿ ಆಚೆ ಈಚೆ ಹುಡುಕಿದ, ಬಗ್ಗಿ ನೆಲ ನೋಡಿದ, ತಲೆ ಕೆರೆದುಕೊಂಡ.

"ಚಾಚಾ, ಪಟರಿ ಕಿಧರ್ ಹೈ?"

"ಪಟರಿ ನಹೀಂ ಹೈ. ಮೇರೀ ಘರ್‌ವಾಲೀ ಹೈ!" ಎಂದು ಮಾಮಾ ರಸ್ತೆ ದಾಟುತ್ತಿದ್ದ ಮಾಮಿಯತ್ತ ಬಾವುಟ ಚಾಚಿದರಂತೆ.

ಈ ಕಥೆ ಕೇಳಿ ನಮ್ಮ ಬಳಗವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎರಡು ವರ್ಷದ ಮೇಲೆ ನಾನು ಹೋದಾಗಲೂ ಮಾಮಾ ನಿಲ್ಲುತ್ತಲೇ ಇದ್ದರು. ಮುಂಜಾನೆ ಆರಕ್ಕೆ, ಚಳಿಯಲ್ಲಿ, ಆ ವಯಸ್ಸಿನಲ್ಲಿ! ನನಗೆ ತಡೆಯಲಿಲ್ಲ. ಅಡುಗೆಮನೆಯಲ್ಲಿ ಮಾಮಿಯ ಎದುರಿಗೆ ನಿಂತು ಕೇಳಿಯೇ ಬಿಟ್ಟೆ.

"ಮಾಮಿ, ಹಾಲಿನವ ಮನೀಗೇ ತಂದು ಕೊಡೂದಿಲ್ಲೇನ್ರಿ? ಮಾಮಾಗ ಯಾಕ ಈ ತ್ರಾಸು?"

ಮಾಮಿ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ತಂದು ಕೊಡತೀನಿ ಅಂತ ಅಂವ ಯಾವಾಗಿಂದಲೋ ಹೇಳಾಕತ್ತಾನ. ನಾನ ಬ್ಯಾಡ ಅಂದೀನಿ."

"ಯಾಕ್ರಿ?"

"ಇಲ್ಲಿಗೆ ಬಂದ ಮ್ಯಾಲ ನಿಮ್ಮ ಮಾಮಾ ಹ್ಯಾಂಗಾಗಿದ್ರು, ನಿನಗ ಗೊತ್ತಿಲ್ಲ. ಹೊತ್ತೇರಿದ್ರೂ ಹಾಸಿಗಿ ಬಿಡತಿರಲಿಲ್ಲ, ಗಡ್ಡಾ ಮಾಡಿಕೊಳ್ಳತಿರಲಿಲ್ಲ. 'ನನ್ನ ಕೆಲಸ ಮುಗೀತು' ಅಂತ ಗ್ವಾಡಿ ನೋಡಿಕೋತ ಕೂಡತಿದ್ರು. ಈಗ ನೋಡು, ಐದಕ್ಕೇ ಎದ್ದು ಕೋಟಿನ ಗುಂಡಿ ಹಾಕ್ಕೊಂಡು ತಯಾರ. ನಾ ದಾಟಲಿಲ್ಲಂದ್ರ ಅವರು ಬಾವುಟ ಯಾರಿಗೆ ತೋರಸಬೇಕೋ?" ಎಂದು ಡಬ್ಬಿ ಎತ್ತಿಕೊಂಡರು. "ಹೇಳಿಗೀಳೀ ಮತ್ತ. ಮೊದಲೇ ಸಂಶಯದ ಮನುಷ್ಯಾರು."

ನಾನು ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂದವು. ಅಂದು ಹಬ್ಬದ ಮುಂಜಾನೆ. ರಸ್ತೆಯ ಎರಡೂ ಕಡೆ ಒಂದು ಸೈಕಲ್ಲೂ ಇರಲಿಲ್ಲ. ಮಾಮಾ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ನಂಬಿಕೆಯಾಗದೆ ಮತ್ತೆ ಬಲಕ್ಕೆ ನೋಡಿದರು. ಖಾಲಿ ರಸ್ತೆಗೆ ಕೆಂಪು ಬಾವುಟ ಹಿಡಿದರು, ಮಾಮಿಗೆ ಹಸಿರು ತೋರಿಸಿದರು. ಮಾಮಿ ನಿಧಾನವಾಗಿ ನಡೆದು ಆ ಕಡೆ ಮುಟ್ಟುವ ತನಕ ಅವರು ಕೆಂಪನ್ನು ಇಳಿಸಲಿಲ್ಲ.