ಆಯುಧಪೂಜೆಗೆ ಓಡಿದ ಟ್ರಾಕ್ಟರ್

ಯಂತ್ರ ಎಂದರೆ ಯಂತ್ರ, ಅದರಲ್ಲಿ ಹೆದರುವುದೇನಿದೆ? ಕಡಲಾಚೆಯ ರಾಂಚೊ ಬರ್ನಾರ್ಡೊ ಊರಿನ ಆಫೀಸಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ ಡಿಸೈನ್ ಮಾಡುವ ನನಗೆ, ಕಣ್ಣಿಗೆ ರಾಚುವಷ್ಟು ದೊಡ್ಡ, ಹುಲ್ಲು ಕೊಯ್ಯುವ ಹಳೇ ಗಾರ್ಡನ್ ಟ್ರಾಕ್ಟರ್ ಯಾವ ಲೆಕ್ಕ! ಹೀಗೆಂದುಕೊಂಡು, ಅವಕಾಡೊ ತೋಟದ ಅಜ್ಜನೊಬ್ಬ ಮಾರಲಿಟ್ಟಿದ್ದ, ವಯಸ್ಸಿನಲ್ಲಿ ನನಗಿಂತ ಹಿರಿಯದಾದ ಟ್ರಾಕ್ಟರೊಂದನ್ನು ಮನೆ ತುಂಬಿಸಿಕೊಂಡೆ.

ನನ್ನ ಹೆಂಡತಿ ವಿನುತಾ ಧಾರವಾಡದವಳು. ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ.

“ಏನ್ರೀ ಇದು? ನಮ್ಮ ಹಿತ್ತಲದಾಗ ಹುಲ್ಲ ಇಲ್ಲ. ನೀರಿಲ್ಲಂತ ಎಲ್ಲಾ ಕೀಳಿಸಿ ಜಲ್ಲಿ ಹಾಕಿಸೀವಿ. ಇನ್ನ ಜಲ್ಲಿ ಕೊಯ್ಯವ್ರೇನು?”

“ಕೊಯ್ಯೋದಕ್ಕಲ್ಲ ಕಣೇ. ಹಾಬಿ! ರಿಪೇರಿ ಮಾಡಿ ಹೊಸದರ ಥರ ಮಾಡ್ತೀನಿ.”

“ಮತ್ತ ನನ್ನ ಕಾರು?”

ಕಾರು ಗರಾಜಿನಿಂದ ಹೊರಬಿತ್ತು. ಟ್ರಾಕ್ಟರ್ ಒಳಗೆ ನೆರಳಲ್ಲಿ, ಅವಳ ಹೊಸ ಕಾರು ಡ್ರೈವ್‌ವೇ ಬಿಸಿಲಲ್ಲಿ. ದಿನಾ ಸಂಜೆ ನಾನು ಗರಾಜಿನಲ್ಲಿ ಕೂತು ಬಿಚ್ಚಿದೆ, ತಿಕ್ಕಿದೆ, ಬಣ್ಣ ಬಳಿದೆ. ಬೇಸಿಗೆ ಬಂತು, ಕಾರಿನ ಸೀಟು ಕಾದ ಕಾವಲಿಯಾಯಿತು. ಒಂದು ದಿನ ಅದರ ಮೇಲೆ ಕೂತು ಎದ್ದುಬಂದ ವಿನುತಾ ತೀರ್ಪು ಕೊಟ್ಟೇಬಿಟ್ಟಳು.

“ಆಯುಧಪೂಜಿ ದಿನ ಇದು ತಾನ ಓಡಿ ನಿಂಬಿಹಣ್ಣು ತುಳೀಬೇಕು. ತುಳೀತಂದ್ರ ಗರಾಜ್ ನಿಮ್ಮದು. ಇಲ್ಲಾಂದ್ರ ಬಂದ ದಾರಿಗೆ ಸುಂಕಿಲ್ಲ, ಅಜ್ಜನ ತೋಟಕ್ಕ ವಾಪಸ್!”

ನಾನು ಹಟಕ್ಕೆ ಬಿದ್ದೆ. ವಾರಾಂತ್ಯದ ಪಾರ್ಟಿ ಬಿಟ್ಟೆ, ಕ್ರಿಕೆಟ್ ಬಿಟ್ಟೆ. ಹಬ್ಬದ ಹಿಂದಿನ ದಿನ ಎಲ್ಲ ಜೋಡಿಸಿ ಮುಗಿದಾಗ ನೆಲದ ಮೇಲೆ ಒಂದು ತುಂಡು ವೈರ್ ಉಳಿದಿತ್ತು.

“ಇದು ಯಾಕ ಉಳದದ?” ಎಂದಳು ವಿನುತಾ.

“ಹಳೇ ಕಾಲದವರು ಧಾರಾಳಿಗಳು. ಒಂದು ಎಕ್ಸ್‌ಟ್ರಾ ಹಾಕಿರ್ತಾರೆ” ಎಂದೆ. ತಜ್ಞ ಅಂದಮೇಲೆ ಉತ್ತರ ಸಿದ್ಧವಿರಬೇಕಲ್ಲ!

ಹಬ್ಬದ ಬೆಳಿಗ್ಗೆ ಸ್ನೇಹಿತರೆಲ್ಲ ಬಂದರು. ಡ್ರೈವ್‌ವೇಯಲ್ಲಿ ಕಾರು ಒಂದು ಬದಿಗೆ, ಗರಾಜಿಗೆ ಮುಖ ಮಾಡಿ ನಿಂತಿತ್ತು. ಗರಾಜಿನ ಬಾಗಿಲಲ್ಲಿ ನನ್ನ ಟ್ರಾಕ್ಟರ್ ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನಾಗಿತ್ತು. ಹಬ್ಬದ ದಿನ ಖಾಲಿ ಹೊಟ್ಟೆ ಸಲ್ಲದು ಎಂದು ಟ್ಯಾಂಕಿನ ತುಂಬ ಪೆಟ್ರೋಲ್ ಕುಡಿಸಿದ್ದೆ. ಆರತಿಯಾಯಿತು, ಕುಂಬಳಕಾಯಿ ಒಡೆದದ್ದಾಯಿತು, ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಎಂಜಿನ್ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಮತ್ತೆ ಎಳೆದೆ. ಡಬ್! ಡಬಡಬಡಬ! ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಹತ್ತಿ ಕೂತು ಗೇರ್ ಹಾಕಿದೆ. ನಿಂಬೆಹಣ್ಣುಗಳು ಪಚಕ್ ಎಂದವು. ಗೆದ್ದೆ! ಇನ್ನು ಆಫ್ ಮಾಡೋಣ ಎಂದು ಕೀ ತಿರುಗಿಸಿದೆ.

ಎಂಜಿನ್‌ಗೆ ಅದು ಕೇಳಿಸಲೇ ಇಲ್ಲ.

ಕೀಯನ್ನೇ ಕಿತ್ತು ಕೈಯಲ್ಲಿ ಹಿಡಿದೆ. ಡಬಡಬಡಬ! ಕೀ ಹೇಳಿದ್ದನ್ನು ಎಂಜಿನ್‌ಗೆ ಮುಟ್ಟಿಸುವ ವೈರ್ ಯಾವುದಿರಬಹುದು ಎಂಬ ಪ್ರಶ್ನೆಗೆ ಅದೇ ಕ್ಷಣ ಉತ್ತರ ಹೊಳೆಯಿತು! ಗೇರ್ ತೆಗೆಯೋಣವೆಂದರೆ ಗೇರಿನ ಸರಳು ಬುಡಸಮೇತ ಕೈಗೇ ಬಂತು. ಸ್ಟೀರಿಂಗ್ ತಿರುಗಿಸಿದರೆ ಅದು ತನ್ನಷ್ಟಕ್ಕೆ ತಾನು ಗಿರಗಿರನೆ ತಿರುಗಿತು, ಚಕ್ರಗಳು ಮಾತ್ರ ಓರೆಯಾಗಿ, ಬದಿಯಲ್ಲಿದ್ದ ಕಾರಿನ ಹಿಂದಿನ ಸೀಟಿನ ಬಾಗಿಲಿನತ್ತ ಹೊರಟವು.

“ರೀ, ನನ್ನ ಕಾರು!”

“ಅಪ್ಪಾ, ಜಸ್ಟ್ ಟರ್ನ್ ಇಟ್ ಆಫ್!” ಎಂದಳು ಮಗಳು ಅನನ್ಯಾ. ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ ನೋಡಿ!

ಇದ್ದದ್ದು ಒಂದೇ ಪೆಡಲ್. ಒತ್ತಿದರೆ ಗಾಡಿ ನಿಲ್ಲುತ್ತದೆ, ಬಿಟ್ಟರೆ ಹೊರಡುತ್ತದೆ. ಎರಡೂ ಕಾಲಲ್ಲಿ ಮೆಟ್ಟಿದೆ. ಕಾರಿಗೆ ಒಂದು ಗೇಣು ಉಳಿದಾಗ ಟ್ರಾಕ್ಟರ್ ನಿಂತಿತು. ಎಂಜಿನ್ ಮಾತ್ರ ಡಬಡಬಿಸುತ್ತಲೇ ಇತ್ತು.

ಸ್ನೇಹಿತ ಪ್ರಸಾದ್ “ನಾನು ನೋಡ್ತೀನಿ ಗುರು, ಪ್ಲಗ್ ವೈರ್ ಕಿತ್ತರೆ ಮುಗೀತು” ಎಂದು ಧೈರ್ಯವಾಗಿ ಕೈ ಹಾಕಿದ. ಶಾಕ್ ಹೊಡೆದ ರಭಸಕ್ಕೆ ಒಂದು ಕಡೆ ಅವನು, ಇನ್ನೊಂದು ಕಡೆ ಅವನ ರೇಷ್ಮೆ ಪಂಚೆ! ಆಮೇಲೆ ಯಾರೂ ಹತ್ತಿರ ಸುಳಿಯಲಿಲ್ಲ.

“ಪೆಟ್ರೋಲ್ ಮುಗಿದರೆ ತಾನಾಗೇ ನಿಲ್ಲತ್ತೆ, ನೀವೆಲ್ಲ ಊಟ ಮಾಡಿ” ಎಂದು ನಾನೇ ಅಪ್ಪಣೆ ಕೊಟ್ಟೆ. ತುಂಬಿದ ಟ್ಯಾಂಕು! ಹಿತ್ತಲಲ್ಲಿ ಎಲೆ ಹಾಕಿದರು. ನನ್ನ ಹೋಳಿಗೆ ತಟ್ಟೆಯಲ್ಲಿ ಟ್ರಾಕ್ಟರಿಗೇ ಬಂತು. ಕಾಲು ಮರಗಟ್ಟುತ್ತಿತ್ತು, ಆದರೂ ಪೆಡಲ್ ಬಿಡಲಿಲ್ಲ. ಬಿಟ್ಟರೆ ಕಾರಿಗೆ ಢಿಕ್ಕಿ! ಆದರೇನು, ಮಾತು ಮಾತೇ.

“ವಿನುತಾ!” ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ಕೂಗಿದೆ. “ಓಡಿತಾ ಇಲ್ವಾ? ನಿಂಬೆಹಣ್ಣು ತುಳೀತಾ ಇಲ್ವಾ? ಗರಾಜ್ ನನ್ನದು!”

“ಹೌದ್ರೀ, ನಿಮ್ಮದ” ಎಂದಳು ಅವಳು ಬಹಳ ಶಾಂತವಾಗಿ. “ಇಳಿದು ಹೋಗಿ ತಗೋರಿ.”

ನಾನು ಪೆಡಲ್ ನೋಡಿದೆ. ಅವಳು ಕಾರು ಹತ್ತಿದಳು. ನನ್ನ ಕಣ್ಣೆದುರೇ ಕಾರು ಸದ್ದಿಲ್ಲದೆ ಮುಂದೆ ಸರಿದು, ಖಾಲಿ ಬಿದ್ದಿದ್ದ ಗರಾಜಿನೊಳಗೆ ಸೇರಿತು. ರಿಮೋಟ್ ಒತ್ತಿದಳು. ಬಾಗಿಲು ನಿಧಾನಕ್ಕೆ ಇಳಿಯಿತು.

ಈಗ ಟ್ರಾಕ್ಟರ್ ಮನೆ ಪಕ್ಕ ಕಸದ ಡಬ್ಬಿಗಳ ಜೊತೆ ಟಾರ್ಪಾಲಿನ್ ಹೊದ್ದು ನಿಂತಿದೆ. ನಾನೇನು ಸೋಲೊಪ್ಪುವವನೇ? ಬಿಸಿಲಲ್ಲಿ ಕೂತು ಆ ವೈರನ್ನೂ ಜೋಡಿಸಿದ್ದೇನೆ. ಟ್ರಾಕ್ಟರ್ ಈಗ ಬಹಳ ಚೆನ್ನಾಗಿ ನಿಲ್ಲುತ್ತದೆ. ಎಷ್ಟು ಚೆನ್ನಾಗಿ ಎಂದರೆ, ಅಂದಿನಿಂದ ಸ್ಟಾರ್ಟೇ ಆಗಿಲ್ಲ!