ಕ್ಯಾಲೆಂಡರಿನ ಮಿಡತೆ

ಎಲ್ಲ ಶುರುವಾದದ್ದು ಒಂದು ಮಿಡತೆಯ ಬೆನ್ನಿನಿಂದ. ಲಕ್ಷ್ಮೇಶ್ವರದ ಮದುವೆ ಫೋಟೋಗ್ರಾಫರ್ ಅತಾವುಲ್ಲಾ ಸಣ್ಣದನ್ನು ದೊಡ್ಡದಾಗಿ ಹಿಡಿಯುವ ಹೊಸ ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದು ತಂದ ಚಿತ್ರ ನೋಡಿ, ಕ್ರಿಮಿನಾಶಕದ ಅಂಗಡಿಯ ಶಫೀಕ ಮೂಗು ಮುರಿದ.

"ಕಣ್ಣಷ್ಟ ಕಾಣತೈತಿ, ಬೆನ್ನೆಲ್ಲಾ ಹೊಗಿ ಆಗೇತಿ. ನಮ್ಮ ಅಂಗಡಿ ಕ್ಯಾಲೆಂಡರಿಗೆ ಪೂರ್ತಿ ಹುಳಾ ಬೇಕಪಾ. ಸಂಜಿಕ ಪ್ರೆಸ್ಸಿಗೆ ಕಳಸೂದೈತಿ."

ಅತಾವುಲ್ಲಾ ಕ್ಯಾಮೆರಾ ಹೆಗಲಿಗೇರಿಸಿದ. ಅವನು ತೆಗೆದ ಫೋಟೋಗಳೆಲ್ಲ ಊರವರ ಟ್ರಂಕು ಸೇರಿದ್ದವು. ಈ ಕ್ಯಾಲೆಂಡರಾದರೆ ವರ್ಷವಿಡೀ ಮನೆಮನೆಯ ಗೋಡೆಯ ಮೇಲೆ, ಕೆಳಗೆ ಅವನ ಹೆಸರು!

ನೆರೆಮನೆಯ ಅಂದಪ್ಪನ ಜೋಳದ ಹೊಲಕ್ಕೆ ಓಡಿದ. ಅಂದಪ್ಪನೂ ಬೆನ್ನು ಹತ್ತಿದ.

"ಕ್ಯಾಮೆರಾ ಕೆಟ್ಟೈತೇನಲೇ?"

"ಇಲ್ಲ ಕಾಕಾ. ಇಷ್ಟ ಹತ್ರ ಹೋದ್ರ ಚೊಕ್ಕ ಕಾಣೂದು ಒಂದು ಹಾಳಿಯಷ್ಟ ದಪ್ಪ. ಅದರ ಹಿಂದ ಮುಂದ ಎಲ್ಲಾ ಮಸುಕು. ಲೆನ್ಸಿನ ಕಿಂಡಿ ಸಣ್ಣದು ಮಾಡಿದ್ರ ಹೆಚ್ಚ ಕಾಣತೈತಿ, ಆದ್ರ ಬೆಳಕು ಸಾಲೂದಿಲ್ಲ, ಬಾಳೊತ್ತು ತೆರದಿಡಬೇಕು, ಅಷ್ಟರಾಗ ಏನೂ ಅಲುಗಬಾರ್ದು."

ಕಿಂಡಿ ಸಣ್ಣದು ಮಾಡಿದ. ಗಾಳಿಗೆ ಮಿಡತೆ ಕೂತ ಜೋಳದ ಗರಿ ಅಲುಗಿ ಚಿತ್ರ ಕೆಟ್ಟಿತು. ಗಾಳಿ ತಡೆಯಲೆಂದು ಅಂದಪ್ಪ ಧೋತರ ಬಿಚ್ಚಿ ಅಡ್ಡ ಹಿಡಿದ. ಇದ್ದ ಬೆಳಕೂ ಹೋಯಿತು, ಕಳೆ ಕೀಳುತ್ತಿದ್ದ ಉಡಚವ್ವ "ವಯಸ್ಸಾದವ್ರಿಗೆ ನಾಚಿಕಿ ಬ್ಯಾಡೇನು!" ಎಂದು ಬೈದು ಎದ್ದುಹೋದಳು.

ಕೊನೆಗೆ ಮದುವೆಯ ಉಪಾಯವೇ ಗತಿಯಾಯಿತು. ಗುಂಪು ಫೋಟೋದಲ್ಲಿ ಬೀಗರು ಕಣ್ಣು ಮುಚ್ಚಿದ್ದರೆ ಇನ್ನೊಂದರ ಮುಖ ತಂದು ಅಂಟಿಸುವುದು ಅತಾವುಲ್ಲಾನಿಗೆ ನೀರು ಕುಡಿದಷ್ಟು ಸಲೀಸು. ಒಂದು ಫೋಟೋದಲ್ಲಿ ಮಿಡತೆಯ ತಲೆ, ಒಂದರಲ್ಲಿ ಬೆನ್ನು, ಒಂದರಲ್ಲಿ ಕಾಲು ಹಿಡಿದ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಜೋಡಿಸಿ ಕಳಿಸಿದ. "ಭಾರೀ ಐತಿ!" ಎಂದು ಶಫೀಕನ ಉತ್ತರ ಬಂತು.

ಚಹಾ ತಂದ ಹೆಂಡತಿ ಸಬೀನಾ ಚಿತ್ರಕ್ಕೆ ಬಗ್ಗಿದಳು. "ರೀ, ಮಿಡಚಿಗೆ ಆರ ಕಾಲಲ್ಲೇನ್ರೀ? ಇದಕ್ಕ ಎಂಟು ಅದಾವಲ್ರೀ?"

ಫೋಟೋದಿಂದ ಫೋಟೋಕ್ಕೆ ಮಿಡತೆ ಒಂದೊಂದು ಹೆಜ್ಜೆ ಸರಿದಿತ್ತು. ಬೀಗರ ಹಾಗೆ ನಿಂತಲ್ಲೇ ನಿಲ್ಲಲು ಅದಕ್ಕೇನು ಊಟದ ಆಸೆಯೇ?

ಮಾನ ಹೋಗುವ ಮಾತು. ಚಹಾ ಬಿಟ್ಟು ಮತ್ತೆ ಹೊಲಕ್ಕೆ ಓಡಿದ. ಇಷ್ಟು ಹೊತ್ತೂ ಮಿಡತೆಯನ್ನು ಎದುರಿನಿಂದ ಹಿಡಿದಿದ್ದ, ಪಕ್ಕಕ್ಕೆ ಕೂತರೆ? ಆಗ ಮೀಸೆ, ಬೆನ್ನು, ಹಿಂಗಾಲು ಎಲ್ಲವೂ ಲೆನ್ಸಿನಿಂದ ಒಂದೇ ದೂರ! ಆ ತೆಳು ಹಾಳೆಯೊಳಗೇ ಇಡೀ ಮಿಡತೆ! ಉಸಿರು ಬಿಗಿಹಿಡಿದು ಒಂದೇ ಸಲ ಒತ್ತಿದ. ಕಾಲಿನ ಮುಳ್ಳುಗಳನ್ನೂ ಎಣಿಸಬಹುದಿತ್ತು.

"ಗೆದ್ದೆ ಕಾಕಾ!" ಎಂದು ಇನ್ನೂ ಹೊಲದಲ್ಲೇ ಇದ್ದ ಅಂದಪ್ಪನನ್ನು ಎತ್ತಿ ಕುಣಿದ. ಅವನ ಜೀವಮಾನದಲ್ಲೇ ಅಂಥ ಫೋಟೋ ಬಂದಿರಲಿಲ್ಲ. ಅದೇ ಓಟದಲ್ಲಿ ಅಂಗಡಿ ಮುಟ್ಟಿದ.

ಶಫೀಕ ನೋಡಿದ. "ಚಲೋ ಐತಿ. ಆದ್ರ ಇಂಥಾ ಮಿಡಚಿ ಎಲ್ಲಾರ ಹೊಲದಾಗೂ ಅದಾವು. ಎಂಟು ಕಾಲಿಂದು ಬಂದ ಕೂಡ್ಲೆ ಪ್ರೆಸ್ಸಿಗೆ ಕಳಿಸಿದ್ದೆ, ಆಗಲೇ ಪ್ರಿಂಟ್ ಆತು."

"ಅಂಥಾ ಹುಳಾ ಜಗತ್ತಿನಾಗ ಇಲ್ಲೋ ಮಾರಾಯಾ!"

"ಅದಕ್ಕ ಬೇಕಾಗಿತ್ತು. ನಮ್ಮ ಔಷಧದ ಎಣ್ಣಿ ಹೊಡದ್ರೂ ಹುಳಾ ಸಾಯ್ಲಿಲ್ಲಂತ ಹೋದವರ್ಷ ರೈತರು ಅಂಗಡಿ ಮುಂದ ಧರಣಿ ಕುಂತಿದ್ರು. ಈಗ ನೋಡು."

ಎಂಟು ಕಾಲಿನ ಮಿಡತೆಯ ಕೆಳಗೆ ಕೆಂಪಗೆ ಅಚ್ಚಾಗಿತ್ತು: 'ನಮ್ಮ ಎಣ್ಣೆ ಹೊಡೆಯಿರಿ. ಈ ಹುಳ ನಿಮ್ಮ ಹೊಲದಲ್ಲಿ ಒಂದೂ ಕಾಣದು. ಗ್ಯಾರಂಟಿ!'

"ನನ್ನ ಹೆಸರರೆ ತಗಿಯೋ," ಎಂದು ಅತಾವುಲ್ಲಾ ಅಂಗಲಾಚಿದ.

"ಛೇ, ಹೆಂಗ ತಗೀಲಿ? ರೈತರು ಕೇಳಿದ್ರ, ಆ ಹುಳಾ ಕಣ್ಣಾರೆ ಕಂಡಾವ ನೀನೊಬ್ಬನ!" ಎಂದ ಶಫೀಕ. "ನಿನ್ನ ಫೋನ್ ನಂಬರೂ ಹಾಕಿಸೇನಿ."