ಕಣ್ಣಿದ್ದವರಿಗೆ ಕಾಣುವ ಗುಂಡಿ

ಬೆಳಿಗ್ಗೆ ಬಂದಾಗಲೇ ಕೆಂಪನಂಜಪ್ಪ ಆ ಗುಂಡಿಯನ್ನು ನೋಡಿದ್ದ. ಮುಳ್ಳೂರಿನ ಸಮುದಾಯ ಭವನದ ಗೋಡೆ ಕಟ್ಟುವ ಕಂಟ್ರಾಕ್ಟು ಅವನದು. ನೀರಿನ ತೊಟ್ಟಿ, ಪೈಪು ಗೋವಿಂದಯ್ಯನದು. ಗೋವಿಂದಯ್ಯನ ಆಳುಗಳು ಹಿಂದಿನ ದಿನ ಬಾಗಿಲ ಮುಂದೆಯೇ ತೊಟ್ಟಿಗೆಂದು ಎದೆಮಟ್ಟದ ಗುಂಡಿ ತೋಡಿ, ಹಾಗೇ ಬಿಟ್ಟು ಹೋಗಿದ್ದರು. ಕೆಂಪನಂಜಪ್ಪನ ಹಲಗೆಗಳು ಪಕ್ಕದಲ್ಲೇ ಇದ್ದವು. ಎರಡು ಎಳೆದು ಮುಚ್ಚೋಣವೆಂದು ಬಗ್ಗಿದ. ಹಲಗೆ ನನ್ನದಾದರೆ ನಾಳೆ ಗುಂಡಿಯೂ ನನ್ನದೇ ಅಂದಾರು ಎನಿಸಿ, ಕೈ ಒರೆಸಿಕೊಂಡು ಹಿಂದೆ ಸರಿದ.

ಅದಕ್ಕಿಂತ ಮುಖ್ಯ ಕೆಲಸ ಅವನಿಗಿತ್ತು: ದೃಷ್ಟಿಬೊಂಬೆ. ಹುಲ್ಲು ತುಂಬಿ, ತನ್ನ ಹಳೇ ಷರ್ಟು ತೊಡಿಸಿ, ಮಡಕೆಯ ಮುಖಕ್ಕೆ ಬೋಗುಣಿಯಗಲದ ಕಣ್ಣು, ದಪ್ಪ ಮೀಸೆ ಬರೆದು ಬಾಗಿಲ ಮೇಲೆ ತೂಗುಹಾಕಿದ.

"ಇನ್ಮ್ಯಾಲೆ ಯಾರೇ ಬರ್ಲಿ, ಕಣ್ಣು ಮೊದ್ಲು ಇದ್ರ ಮ್ಯಾಲೇ ಬೀಳ್ಬೇಕು ಕಣ್ರಲಾ!" ಎಂದು ಗಾರೆಯವರ ಮುಂದೆ ಬೀಗಿದ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಚಿಕ್ಕಬಸಮ್ಮ, ಸೊಪ್ಪು ತುಂಬಲು ಖಾಲಿ ಸಿಮೆಂಟ್ ಚೀಲ ಕೇಳಿಕೊಂಡು ಬಂದಳು. ಬೊಂಬೆ ನೋಡಿದಳು, ನಕ್ಕಳು, ಮಾಯವಾದಳು.

ಗುಂಡಿಯಿಂದ ಎತ್ತಿ ಕೂರಿಸುವಷ್ಟರಲ್ಲಿ ಕಾಲು ಕುಂಬಳಕಾಯಿಯಂತೆ ಊದಿತ್ತು. ಅವಳು ಅತ್ತದ್ದು ಕಾಲಿಗಲ್ಲ. ಒಂಟಿ ಹೆಂಗಸು, ಮನೆ ತುಂಬ ರೇಷ್ಮೆ ಹುಳು.

"ಹುಳ ಕಡೇ ಜ್ವರ ಕಳ್ದು, ಪೊರೆ ಬಿಟ್ಟು ಎದ್ದವೆ ಕಣ್ರಪ್ಪಾ! ಈಗ್ಲೇ ಅವು ಮೇಯೋ ಕಾಲ. ಸೊಪ್ಪು ತಪ್ಪಿದ್ರೆ ಗೂಡು ಕಟ್ಟಾಕಿಲ್ಲ. ಯಾರು ಕುಯ್ದು ಆಕ್ತಾರೆ?"

ಊರು ಸೇರಿತು. "ಗುಂಡಿ ನಂದೇ. ಆದ್ರೆ ಎಮ್ಮೆಗೂ ಕಾಣೋ ಅಷ್ಟು ದೊಡ್ಡದು," ಎಂದ ಗೋವಿಂದಯ್ಯ.

"ಊಂ ಮತ್ತೆ! ಕಣ್ಣಿದ್ದೋರ್ಗೆ ಕಾಣಾಕಿಲ್ವಾ? ಕಾಣೋ ಗುಂಡೀಗೆ ನಾವ್ಯಾಕೆ ಜವಾಬು ಯೇಳ್ಬೇಕು?" ಎಂದು ಕೆಂಪನಂಜಪ್ಪನೂ ದನಿಗೂಡಿಸಿದ. ಆಡಿದ ಮೇಲೆ ಬೆಳಗಿನ ಹಲಗೆ ನೆನಪಾಗಿ ಅವನಿಗೇ ನಾಚಿಕೆಯಾಯಿತು.

ಊರ ಯಜಮಾನ ದೊಡ್ಡಮಾದಪ್ಪ ನಿಧಾನವಾಗಿ ಕೇಳಿದ. "ಬೀಳೋವಾಗ ನಿನ್ ಕಣ್ಣೆಲ್ಲಿತ್ತವ್ವಾ?"

"ಬೊಂಬೆ ಮ್ಯಾಲೆ."

"ಅದುನ್ನ ಕಟ್ಟಿದ್ಯಾರು?"

ಎಲ್ಲರೂ ಬೊಂಬೆಯ ಷರ್ಟು ನೋಡಿದರು, ಆಮೇಲೆ ಕೆಂಪನಂಜಪ್ಪನನ್ನು ನೋಡಿದರು.

"ಕಾಣೋ ಗುಂಡೀನ ಕಾಣ್ದಂಗೆ ಮಾಡ್ದೋನು ನೀನು ಕಣಪ್ಪ. ಗೋವಿಂದಯ್ಯ ಗುಂಡಿ ಮುಚ್ಲಿ. ಹುಳ ಗೂಡು ಕಟ್ಟೋಗಂಟ ಸೊಪ್ಪು ನೀನಾಕು."

ಮಧ್ಯಾಹ್ನವೆಲ್ಲ ಕೆಂಪನಂಜಪ್ಪ ಬಿಸಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದ. ಎರಡು ಹಲಗೆ ಎಳೆಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಹೊರೆ ಕಟ್ಟುವಾಗಲೆಲ್ಲ ಅನ್ನಿಸುತ್ತಿತ್ತು. ಮೊದಲ ಹೊರೆ ಇಳಿಸಿ ಬಂದು, ಸಿಟ್ಟಿನಲ್ಲಿ ಬೊಂಬೆ ಕಿತ್ತು ಬಿಸಾಡಲು ಹೊರಟ.

"ಬಿಸಾಡ್ಬ್ಯಾಡ ಕಣಣ್ಣ," ಎಂದಳು ಪಕ್ಕದ ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿದ್ದ ಚಿಕ್ಕಬಸಮ್ಮ. "ನನ್ನ ಹುಳಕ್ಕೂ ದೃಷ್ಟಿ ಆಯ್ತದೆ. ನಮ್ಮ ಬಾಗ್ಲಿಗೆ ಕಟ್ಟು."

ಬೇಡವೆನ್ನುವ ಮುಖ ಅವನಿಗಿರಲಿಲ್ಲ. ಕಟ್ಟಿದ.

ಸಂಜೆ ಎರಡನೇ ಹೊರೆ ಹೊತ್ತು ಬಂದ. ಬಾಗಿಲಲ್ಲಿ ಬೊಂಬೆ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಮೀಸೆ ಒಂದು ಕಡೆ ಸೊಟ್ಟಗಾಗಿದೆಯಲ್ಲ ಎಂದುಕೊಂಡ. ಹೊಸಿಲ ಪಕ್ಕದ ಒರಳಿಗೆ ಕಾಲು ತಗುಲಿ, ಹೊರೆ ಸಮೇತ ನಡುಮನೆಗೆ ಉರುಳಿದ. ಪಾದ ಚಳಕ್ಕೆಂದಿತು.

"ಅಯ್ಯೋ! ದಾರೀಲಿ ಒರಳು ಮಡಗೋರು ಉಂಟಾ?"

"ನಮ್ಮತ್ತೆ ಕಾಲ್ದಿಂದ ಅಲ್ಲೇ ಅದೆ ಕಣಣ್ಣ," ಎಂದಳು ಚಿಕ್ಕಬಸಮ್ಮ. "ಕಣ್ಣಿದ್ದೋರ್ಗೆ ಕಾಣಾಕಿಲ್ವಾ?"

ತಪ್ಪು ಬೊಂಬೆಯದು ಎನ್ನಲು ಬಾಯಿ ತೆರೆದ. ಕಟ್ಟಿದವನು ಯಾರೆಂದು ನೆನಪಾಗಿ ಮುಚ್ಚಿಕೊಂಡ. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಕಾಯುತ್ತಿದ್ದವು. ಕುಂಟುತ್ತಲೇ ಎದ್ದು, ಚೆಲ್ಲಿದ ಸೊಪ್ಪನ್ನು ಬಾಚಿ ಹಾಕತೊಡಗಿದ.